ಹರಿಗೋಲಿನಿಂದ ಹಡಗಿನವರೆಗೆ

ಅಕ್ಕಂದಿರೇ, ಒಂದು ಬಕೆಟ್ ನೀರು ತಗೊಳ್ಳಿ. ಅದರಲ್ಲಿ ಒಂದು ಕಬ್ಬಿಣದ ಮೊಳೆ ಹಾಕಿ. ಮೊಳೆ ಮುಳುಗಿತು ಅಲ್ವಾ? ಈಗ ಸ್ಟೀಲಿನ ಬೋಗುಣಿಯನ್ನು ನೀರಿನ ಮೇಲೆ ಮೆಲ್ಲಗೆ ಇಡಿ. ಬೋಗುಣಿ ತೇಲುತ್ತದೆ. ಮೊಳೆಗಿಂತ ಬೋಗುಣಿಯೇ ಭಾರ. ಆದರೂ ಅದು ತೇಲಿತು. ಯಾಕೆ?

ಬೋಗುಣಿ ಅಗಲವಾಗಿದೆ. ಒಳಗೆ ಟೊಳ್ಳಾಗಿದೆ. ಅದು ಬಹಳ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ನೀರು ಬೋಗುಣಿಯನ್ನು ಮೇಲಕ್ಕೆ ಒತ್ತುತ್ತದೆ. ಪುಟ್ಟ ಮೊಳೆ ತಳ್ಳುವ ನೀರು ತೀರಾ ಕಡಿಮೆ. ಅದಕ್ಕೇ ಅದು ಮುಳುಗಿತು. ಸಾವಿರಾರು ಟನ್ ತೂಕದ ಹಡಗು ತೇಲುವುದೂ ಬೋಗುಣಿಯ ಹಾಗೆಯೇ.

ಹೊಳೆ ದಾಟಿಸುವ ದೋಣಿಗಳು

ಹಂಪಿಯ ತುಂಗಭದ್ರೆಯಲ್ಲಿ ಹರಿಗೋಲು ನೋಡಿದ್ದೀರಾ? ಅದು ದೊಡ್ಡ ಬುಟ್ಟಿಯ ಹಾಗೆ ದುಂಡಗಿದೆ. ಬಿದಿರಿನಿಂದ ಹೆಣೆಯುತ್ತಾರೆ. ಹಿಂದೆ ಅದರ ಹೊರಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರು ಬಳಿಯುತ್ತಾರೆ. ಸುಮಾರು 500 ವರ್ಷದ ಹಿಂದೆ ಪೋರ್ಚುಗಲ್ ದೇಶದ ಪಾಯಸ್ ಎಂಬಾತ ವಿಜಯನಗರಕ್ಕೆ ಬಂದಿದ್ದ. ಜನ ಹರಿಗೋಲಿನಲ್ಲಿ ಹೊಳೆ ದಾಟುವುದನ್ನು ಅವನು ಬರೆದಿಟ್ಟಿದ್ದಾನೆ.

ಜನ, ವಾಹನ ಎರಡನ್ನೂ ದಾಟಿಸುವ ದೊಡ್ಡ ದೋಣಿಗೆ ಲಾಂಚ್ ಎನ್ನುತ್ತಾರೆ. ಶರಾವತಿ ಹಿನ್ನೀರು ದಾಟಿ ಸಿಗಂದೂರಿಗೆ ಹೋಗುವವರು ಎಷ್ಟೋ ವರ್ಷ ಲಾಂಚನ್ನೇ ನಂಬಿದ್ದರು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಆಯಿತು.

ಮೀನು ಹಿಡಿಯುವ ದೋಣಿಗಳು

ಕರಾವಳಿಯಲ್ಲಿ ಚಿಕ್ಕ ನಾಡದೋಣಿಗಳು ದಡದ ಹತ್ತಿರವೇ ಮೀನು ಹಿಡಿಯುತ್ತವೆ. ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳು ದೂರ ಹೋಗುತ್ತವೆ. ಅವಕ್ಕೆ ಎಂಜಿನ್ ಇದೆ. ಮೀನು ಕೆಡದಂತೆ ಐಸು ತುಂಬಿಕೊಂಡು ಹೋಗುತ್ತಾರೆ. ಬೋಟು ದಡಕ್ಕೆ ಬಂದಾಗ ಮೀನು ವಿಂಗಡಿಸುವವರು, ಬುಟ್ಟಿ ಹೊತ್ತು ಮಾರುವವರು ಹೆಚ್ಚಾಗಿ ಹೆಂಗಸರೇ. ಮಳೆಗಾಲದಲ್ಲಿ ಜೂನ್, ಜುಲೈ ಎರಡು ತಿಂಗಳು ಈ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅದು ಮೀನು ಮರಿ ಮಾಡುವ ಕಾಲ. ಕಡಲೂ ಒರಟಾಗಿರುತ್ತದೆ.

ಸರಕು ಹೊರುವ ಹಡಗುಗಳು

ಮಂಗಳೂರಿನ ಹಳೆ ಬಂದರಿನಿಂದ ಮರದ ಮಂಜಿಗಳು ಲಕ್ಷದ್ವೀಪಕ್ಕೆ ಹೋಗುತ್ತವೆ. ಅಕ್ಕಿ, ತರಕಾರಿ, ಮನೆ ಕಟ್ಟುವ ಸಾಮಾನು ಒಯ್ಯುತ್ತವೆ.

ದೊಡ್ಡ ಹಡಗು ನಿಲ್ಲಲು ಆಳವಾದ ಬಂದರು ಬೇಕು. ಪಣಂಬೂರಿನ ಹೊಸ ಬಂದರು ಅಂಥದ್ದು. 1974ರಲ್ಲಿ ಅದು ದೇಶದ ದೊಡ್ಡ ಬಂದರುಗಳ ಸಾಲಿಗೆ ಸೇರಿತು. ಅಲ್ಲಿ ಹಲವು ಬಗೆಯ ಹಡಗು ಕಾಣುತ್ತವೆ.

ಒಂದು ಬಗೆಯ ಹಡಗಿನ ಹೊಟ್ಟೆ ಕಣಜದ ಹಾಗೆ. ಕಲ್ಲಿದ್ದಲು, ಗೊಬ್ಬರ, ಅದಿರು ಇವನ್ನು ಚೀಲವಿಲ್ಲದೆ ಹಾಗೇ ಸುರಿದು ತುಂಬುತ್ತಾರೆ. ಇನ್ನೊಂದು ಟ್ಯಾಂಕರ್. ಇದು ಎಣ್ಣೆ ತರುತ್ತದೆ. ನಮ್ಮ ಒಲೆಗೆ ಬರುವ ಗ್ಯಾಸೂ ಹೀಗೆ ಹಡಗಿನಲ್ಲಿ ಬರುವುದುಂಟು. ಮತ್ತೊಂದು ಕಂಟೇನರ್ ಹಡಗು. ಕಂಟೇನರ್ ಅಂದರೆ ಕೋಣೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ನಮ್ಮ ಕಾಫಿ, ಗೋಡಂಬಿ ಇಂಥ ಪೆಟ್ಟಿಗೆಗಳಲ್ಲಿ ಹೊರದೇಶಕ್ಕೆ ಹೋಗುತ್ತವೆ.

ದೊಡ್ಡ ಹಡಗು ಇಕ್ಕಟ್ಟಿನಲ್ಲಿ ತಾನಾಗಿ ತಿರುಗಲಾರದು. ಟಗ್ ಎಂಬ ಚಿಕ್ಕ ಹಡಗು ಅದನ್ನು ಎಳೆದು, ತಳ್ಳಿ ಒಳಗೆ ತರುತ್ತದೆ. ಆಳು ಚಿಕ್ಕದು, ಬಲ ದೊಡ್ಡದು!

ಕಾವಲು ಕಾಯುವ ಹಡಗುಗಳು

ಕಾರವಾರದ ಹತ್ತಿರ ನೌಕಾದಳದ ನೆಲೆ ಇದೆ. ಅದು 2005ರಲ್ಲಿ ಶುರುವಾಯಿತು. ಯುದ್ಧದ ಹಡಗುಗಳು ದೇಶವನ್ನು ಕಾಯುತ್ತವೆ. ಕೆಲವು ಹಡಗುಗಳ ಮೇಲಿಂದ ವಿಮಾನವೇ ಹಾರುತ್ತದೆ. ನೀರಿನೊಳಗೆ ಮುಳುಗಿ ಸಾಗುವ ಹಡಗೂ ಇದೆ. ಅದು ಸಬ್‌ಮೆರೀನ್. ಕರಾವಳಿ ಕಾವಲು ಪಡೆಯ ಹಡಗುಗಳು ಕಡಲಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುತ್ತವೆ. ಅವರಿಗೆ ಫೋನ್ ಮಾಡುವ ನಂಬರು 1554. ಕರಾವಳಿಯ ಅಕ್ಕಂದಿರು ಇದನ್ನು ಗೋಡೆಯ ಮೇಲೆ ಬರೆದಿಡಿ.

ಹಡಗು ಗಂಡಸರ ಕೆಲಸ ಅಂತೀರಾ? ನೌಕಾದಳದ ಆರು ಹೆಣ್ಣುಮಕ್ಕಳು ತಾರಿಣಿ ಎಂಬ ಹಾಯಿಹಡಗಿನಲ್ಲಿ ಭೂಮಿಯನ್ನೇ ಸುತ್ತಿ ಬಂದರು. 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ಹೊರಟರು. 2018ರ ಮೇ ತಿಂಗಳಲ್ಲಿ ವಾಪಸು ಬಂದರು. ಅವರ ನಾಯಕಿ ವರ್ತಿಕಾ ಜೋಶಿ.

ಜೀವ ಉಳಿಸುವ ಗೆರೆ

ಈಗ ಮತ್ತೆ ಬೋಗುಣಿಗೆ ಬನ್ನಿ. ಅದರೊಳಗೆ ಒಂದೊಂದೇ ಕಲ್ಲು ಹಾಕಿ. ಬೋಗುಣಿ ಸ್ವಲ್ಪ ಸ್ವಲ್ಪ ಕೆಳಗಿಳಿಯುತ್ತದೆ. ಕೊನೆಗೆ ಒಂದು ಕಲ್ಲು ಹೆಚ್ಚಾದರೆ ಸಾಕು, ನೀರು ಒಳಗೆ ನುಗ್ಗುತ್ತದೆ. ಬೋಗುಣಿ ಮುಳುಗುತ್ತದೆ.

ಹಿಂದೆ ಇಂಗ್ಲೆಂಡಿನಲ್ಲಿ ಕೆಲವು ಹಡಗು ಮಾಲೀಕರು ಲಾಭದ ಆಸೆಗೆ ಸರಕು ಅತಿಯಾಗಿ ತುಂಬಿಸುತ್ತಿದ್ದರು. ಹಡಗು ಮುಳುಗಿ ದುಡಿಯುವ ಜನ ಸಾಯುತ್ತಿದ್ದರು. ಪ್ಲಿಮ್ಸಾಲ್ ಎಂಬ ಪಾರ್ಲಿಮೆಂಟ್ ಸದಸ್ಯ ಇದರ ವಿರುದ್ಧ ಹೋರಾಡಿದ. 1876ರಲ್ಲಿ ಕಾನೂನು ಬಂತು. ಹಡಗಿನ ಬದಿಗೆ ಒಂದು ಗುರುತು ಹಾಕಬೇಕಾಯಿತು. ಈಗ ಎಲ್ಲ ದೇಶಗಳ ದೊಡ್ಡ ಸರಕು ಹಡಗುಗಳಿಗೂ ಇಂಥ ಗೆರೆ ಇದೆ. ಗೆರೆ ನೀರಿನಲ್ಲಿ ಮುಳುಗುವಷ್ಟು ಸರಕು ತುಂಬುವ ಹಾಗಿಲ್ಲ.

ನಮ್ಮ ಹೊಳೆಯ ದೋಣಿಗೆ ಈ ಗೆರೆ ಇರುವುದಿಲ್ಲ. ಅಲ್ಲಿ ನಮ್ಮ ಬುದ್ಧಿಯೇ ಗೆರೆ. 2019ರ ಜನವರಿಯಲ್ಲಿ ಕಾರವಾರದ ಹತ್ತಿರ ಕೂರ್ಮಗಡದ ಜಾತ್ರೆಗೆ ಹೋದವರ ದೋಣಿ ವಾಪಸು ಬರುವಾಗ ಮಗುಚಿತು. ಹಿಡಿಸುವುದಕ್ಕಿಂತ ಹೆಚ್ಚು ಜನ ಅದರಲ್ಲಿದ್ದರು. ಮಕ್ಕಳೂ ಸೇರಿ 16 ಜನ ತೀರಿಕೊಂಡರು.

ಅದಕ್ಕೇ ಅಕ್ಕಂದಿರೇ, ದೋಣಿ ಹತ್ತುವ ಮೊದಲು ಅಂಬಿಗನನ್ನು ಕೇಳಿ: ‘ಅಣ್ಣಾ, ಇದರಲ್ಲಿ ಎಷ್ಟು ಜನ ಕೂರಬಹುದು?’ ದೋಣಿಯ ಮೇಲೆ ಬರೆದಿದ್ದರೆ ನೀವೇ ಓದಿ. ಆಮೇಲೆ ತಲೆ ಎಣಿಸಿ. ತೇಲುವ ಜಾಕೆಟ್ ಕೇಳಿ ಪಡೆಯಿರಿ, ಮಕ್ಕಳಿಗೂ ಹಾಕಿಸಿ. ನಡುನೀರಿನಲ್ಲಿ ಎದ್ದು ನಿಲ್ಲಬೇಡಿ. ಜನ ಹೆಚ್ಚಾಗಿದ್ದರೆ ಹತ್ತಬೇಡಿ. ಯಾರಾದರೂ ನಕ್ಕರೆ ನಗಲಿ. ಮುಂದಿನ ದೋಣಿ ಬರುತ್ತದೆ. ಹೋದ ಜೀವ ಬರುವುದಿಲ್ಲ.