108ಕ್ಕೆ ಮೊದಲು ಸೊನ್ನೆ ಒತ್ತಬೇಕಾ?

ಆದೋನಿ: ಜಿನ್ನಿಂಗ್ ಮಿಲ್ಲಿರಲಿ, ಲಾಡ್ಜ್ ಇರಲಿ, ಇಂಟರ್‌ಕಾಂ ಫೋನಿಂದ ಹೊರಗೆ ಮಾತಾಡಲು ಮೊದಲು ಸೊನ್ನೆಯೋ ಒಂಬತ್ತೋ ಒತ್ತುವುದು ರೂಢಿ. ಆಫೀಸಲ್ಲಿ ಕೂತವರಿಗೆ ಗೊತ್ತು. ಹತ್ತಿಗೆ ಬೆಂಕಿ ಬಿದ್ದಾಗ ಓಡಿಬಂದು ಫೋನ್ ಎತ್ತುವ ಹಮಾಲಿಗೆ?

ಅಮೆರಿಕದ ಟೆಕ್ಸಾಸ್‌ನಲ್ಲಿ 2013ರ ಡಿಸೆಂಬರ್ 1ರಂದು ಕ್ಯಾರಿ ಹಂಟ್ ಎಂಬುವರು ಹೋಟೆಲ್ ಕೋಣೆಯಲ್ಲಿ ಕೊಲೆಯಾದರು. ಜತೆಗಿದ್ದ 9 ವರ್ಷದ ಮಗಳು 4 ಸಲ 911 ಒತ್ತಿದಳು. ಮೊದಲು ಇನ್ನೊಂದು 9 ಬೇಕಿತ್ತು, ಕರೆ ಹೋಗಲೇ ಇಲ್ಲ. ಕ್ಯಾರಿಯ ತಂದೆ ಹೋರಾಡಿ 2018ರಲ್ಲಿ ಕಾನೂನು ಬಂತು. 2020ರ ಫೆಬ್ರವರಿ 16ರ ನಂತರ ಹಾಕುವ ಇಂಥ ಫೋನ್‌ಗಳಲ್ಲಿ 911 ನೇರ ಹೋಗಲೇಬೇಕು.

ಆಂಧ್ರದಲ್ಲಿ 108 ಶುರುವಾಗಿದ್ದು 2005ರ ಆಗಸ್ಟ್ 15ಕ್ಕೆ, ನಂಬರು ಎಲ್ಲರ ಬಾಯಲ್ಲಿದೆ. ಇಂಟರ್‌ಕಾಂ ಮೆಕ್ಯಾನಿಕ್‌ನ ಕರೆಸಿ 108, 101, 112 ನೇರ ಹೋಗುವಂತೆ ಮಾಡಿಸಿ. ಅಲ್ಲಿತನಕ ಫೋನಿನ ಮೇಲೊಂದು ಚೀಟಿ ಅಂಟಿಸಿ: 'ಮೊದಲು 0'. ತೆಲುಗಲ್ಲೂ ಬರೆಯಿರಿ, ಕನ್ನಡದಲ್ಲೂ.