ವಿಭೂತಿ ಗಟ್ಟಿಯೊಳಗೊಂದು ಬೆಟ್ಟ!

ಬಾದಾಮಿಯ ಕೆಂಪು ಬಂಡೆ ಎಲ್ಲರಿಗೂ ಗೊತ್ತು. ಶಿವಯೋಗಮಂದಿರದ ಬಿಳಿ ವಿಭೂತಿಯೂ ಗೊತ್ತು. ಇವೆರಡರಲ್ಲೂ ಇರುವುದು ಬಹುಪಾಲು ಒಂದೇ ಪದಾರ್ಥ ಅಂದರೆ ನಂಬುತ್ತೀರಾ? ನಂಬಲೇಬೇಕು! ಗುಡ್ಡವಾಗಿ ನಿಂತಿರುವುದೂ ಸಿಲಿಕಾ, ಮೂರು ಬೆರಳಲ್ಲಿ ಹಣೆಗೆ ಎಳೆದುಕೊಳ್ಳುವುದೂ ಸಿಲಿಕಾ. ಅದನ್ನು ಹೊಳೆ ಹೊತ್ತು ತಂದಿತು, ಇದನ್ನು ಆಕಳು ಮೇಯ್ದು ತಂದಿತು.

ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರು ಹಾನಗಲ್ಲ ಕುಮಾರ ಶಿವಯೋಗಿಗಳು. ಮುಂದೆ ನಾಡಿನ ಮಠಗಳಿಗೆ ಸ್ವಾಮಿಗಳಾಗುವ ವಟುಗಳು ಇಲ್ಲಿ ಸಂಸ್ಕೃತ, ಯೋಗ, ಸಂಗೀತ, ವಚನ ಕಲಿಯುತ್ತಾರೆ. ಇಲ್ಲಿನ ಗೋಶಾಲೆಯ ಆಕಳುಗಳ ಸಗಣಿಯಿಂದಲೇ ಉತ್ತರ ಕರ್ನಾಟಕದ ಎಷ್ಟೋ ಮನೆಗಳ ದೇವರ ಜಗಲಿಗೆ ಹೋಗುವ ಈಬತ್ತಿ ಹುಟ್ಟುತ್ತದೆ.

ಅದು ತಯಾರಾಗುವ ಬಗೆ ನೋಡಿ. ಸಗಣಿಯನ್ನು ಬಿಸಿಲಿಗೆ ಒಣಗಿಸಿ ಸುಡುತ್ತಾರೆ. ಮೊದಲು ಕಪ್ಪು, ಆಮೇಲೆ ಬೂದು, ಒಳಗಿನ ಇಂಗಾಲವೆಲ್ಲ ಉರಿದುಹೋದ ಮೇಲೆ ಬಿಳುಪು. ಆ ಬೂದಿಯನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಳ ಕೂರಲು ಬಿಡುತ್ತಾರೆ. ಮೇಲಿನ ತಿಳಿನೀರನ್ನು ಬಸಿದಾಗ ಚರ್ಮಕ್ಕೆ ಉರಿ ಹತ್ತಿಸುವ ಕ್ಷಾರವೂ ಅದರೊಂದಿಗೆ ಹೋಗಿಬಿಡುತ್ತದೆ. ತಳದಲ್ಲಿ ಉಳಿದ ನುಣ್ಣನೆಯ ಬೂದಿಗೆಸರು ಒಣಗಿ ಗಟ್ಟಿಯಾದರೆ ವಿಭೂತಿ ಸಿದ್ಧ.

ಆ ಬೂದಿಯಲ್ಲಿ ಸಿಲಿಕಾ ಎಲ್ಲಿಂದ ಬಂತು? ಹುಲ್ಲಿನಿಂದ! ಮಣ್ಣಿನ ತೇವದಲ್ಲಿ ಕರಗಿರುವ ಸಿಲಿಕಾವನ್ನು ಹುಲ್ಲು ಬೇರಿನಿಂದ ಹೀರಿ, ತನ್ನ ಜೀವಕೋಶಗಳಲ್ಲಿ ಸೂಕ್ಷ್ಮ ಗಾಜಿನ ಕಣಗಳಾಗಿ ಕೂಡಿಡುತ್ತದೆ. ಹುಲ್ಲಿನ ಎಸಳು ಸವರಲು ಹೋಗಿ ಬೆರಳು ಕೊಯ್ದುಕೊಂಡವರಿಗೆ ಅದರ ಹರಿತ ಗೊತ್ತು. ವಿಜ್ಞಾನಿಗಳು ಈ ಕಣಗಳನ್ನು ಫೈಟೋಲಿತ್ ಎನ್ನುತ್ತಾರೆ. ಆಕಳ ಹೊಟ್ಟೆಯಲ್ಲಿ ಇವು ಅರಗುವುದಿಲ್ಲ, ಒಲೆಯ ಬೆಂಕಿಯಲ್ಲಿ ಉರಿಯುವುದಿಲ್ಲ.

ಎಷ್ಟು ಕಾಲ ಉಳಿಯುತ್ತವೆ ಗೊತ್ತೆ? ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ದುರಾದಲ್ಲಿ ಸುಮಾರು ಆರೂವರೆ ಕೋಟಿ ವರ್ಷ ಹಳೆಯ, ಕಲ್ಲಾಗಿಹೋದ ಡೈನೋಸಾರ್ ಲದ್ದಿ ಸಿಕ್ಕಿದೆ. ಅದರೊಳಗೆ ಹುಲ್ಲಿನ ಫೈಟೋಲಿತ್‌ಗಳಿದ್ದವು! 2005ರಲ್ಲಿ ಈ ಸುದ್ದಿ ಪ್ರಕಟವಾಗುವವರೆಗೂ ಡೈನೋಸಾರ್‌ಗಳು ಹುಲ್ಲು ಕಂಡಿರಲಿಲ್ಲ ಎಂದೇ ಬಹುತೇಕ ತಜ್ಞರು ತಿಳಿದಿದ್ದರು. ಅವರ ಪಾಠವನ್ನು ಒಂದು ಹಿಡಿ ಲದ್ದಿ ತಿದ್ದಿತು.

ಅಷ್ಟು ದೂರ ಯಾಕೆ, ನಮ್ಮ ಹತ್ತಿರದ ಜಿಲ್ಲೆಗಳಿಗೇ ಬನ್ನಿ. ಬಳ್ಳಾರಿ ಸೀಮೆಯ ಕುಡತಿನಿ, ಸುರಪುರ ಸೀಮೆಯ ಬೂದಿಹಾಳಗಳಲ್ಲಿ ಬೂದಿಯ ದಿಬ್ಬಗಳೇ ಇವೆ. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ದಹಿಸಿದ ಜಾಗ ಎಂದು ಜನ ನಂಬಿದ್ದಾರೆ. ಇವು ದನಗಾಹಿಗಳು ಸುಟ್ಟ ಸಗಣಿಯ ರಾಶಿ ಎಂದು 19ನೇ ಶತಮಾನದಲ್ಲೇ ವಾದಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಮುಂದಿನ ಉತ್ಖನನಗಳು ಅವರ ಮಾತನ್ನು ಎತ್ತಿಹಿಡಿದವು. ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಬೂದಿ! ಕೆಲವು ಕಡೆ ಬೆಂಕಿಯ ಕಾವು ಎಷ್ಟಿತ್ತೆಂದರೆ ಬೂದಿಯೊಳಗಿನ ಸಿಲಿಕಾ ಕ್ಷಾರದೊಂದಿಗೆ ಕರಗಿ ಗಾಜುಗಾಜಾದ ಕಿಟ್ಟವಾಗಿ ಹೆಪ್ಪುಗಟ್ಟಿದೆ.

ಈಗ ತಲೆ ಎತ್ತಿ ಬಾದಾಮಿಯ ಬೆಟ್ಟ ನೋಡಿ. ಅದರ ಮರಳು ಬಂದು ಬಿದ್ದಾಗ ಡೈನೋಸಾರೂ ಇರಲಿಲ್ಲ, ಹುಲ್ಲೂ ಇರಲಿಲ್ಲ. ಅದು 54 ಕೋಟಿ ವರ್ಷಕ್ಕಿಂತ ಎಷ್ಟೋ ಹಿಂದಿನ ಮಾತು. ನೆಲದ ಮೇಲೆ ಒಂದು ಗಿಡವಿಲ್ಲ. ದಂಡೆಯ ಮಣ್ಣು ಹಿಡಿದಿಡಲು ಒಂದು ಬೇರಿಲ್ಲ. ಹೊಳೆಗಳು ಹತ್ತಾರು ಕವಲೊಡೆದು, ಹಳೆಯ ಬಂಡೆಗಳನ್ನು ಸವೆಸಿ, ಬಯಲ ತುಂಬ ಮರಳು ಹರಡಿದವು. ಇಳಕಲ್ಲಿನ ಕೆಂಪು ಗ್ರಾನೈಟ್ ಆ ಹೊತ್ತಿಗಾಗಲೇ ಮುದಿ ಕಲ್ಲು. ಮರಳಿನ ಕಣಕಣಕ್ಕೂ ಕಬ್ಬಿಣದ ತುಕ್ಕು ಅಂಟಿತು. ಇಡೀ ಕಣಿವೆ ಕೆಂಪಾದದ್ದು ಹೀಗೆ.

ಚಾಲುಕ್ಯ ಮಂಗಳೇಶನ 578ರ ಶಾಸನವಿರುವ ಮೂರನೆಯ ಗುಹೆಗೆ ಹೋಗಿ, ಕಂಬಗಳ ಹತ್ತಿರ ನಿಂತುಕೊಳ್ಳಿ. ಕೆಂಪು, ನೇರಳೆ, ಕೆನೆಬಣ್ಣದ ಪಟ್ಟೆಗಳು ಇಳಕಲ್ಲ ಸೀರೆಯ ದಡಿಯ ಹಾಗೆ ಹರಿದಿವೆ. ಕಂಬ, ಗೋಡೆ, ವಿಗ್ರಹ ಎಂದು ನೋಡದೆ ಎಲ್ಲವನ್ನೂ ದಾಟಿಕೊಂಡು ಹೋಗಿವೆ! ಕಲ್ಲಿನ ಪದರಗಳಲ್ಲಿ ಓರೆಯಾದ ಗೆರೆಗಳೂ ಕಾಣುತ್ತವೆ. ಆ ಗೆರೆ ಯಾವ ಕಡೆಗೆ ಇಳಿಯುತ್ತದೋ ಅದೇ ಕಡೆಗೆ ಆ ಕಾಲದ ನೀರು ಹರಿಯುತ್ತಿತ್ತು. ಹೆಸರಿಲ್ಲದ ಹೊಳೆಯೊಂದರ ಸೆಳವನ್ನು ನಿಂತಲ್ಲೇ ಓದಬಹುದು!

ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟ್ ಎಂಬ ಕಡಲಂಚಿನ ಬಂಡೆಯನ್ನು ಭೂವಿಜ್ಞಾನಿಗಳು ತೀರ್ಥಯಾತ್ರೆಯಂತೆ ಹೋಗಿ ನೋಡುತ್ತಾರೆ. ನೆಟ್ಟಗೆ ನಿಂತ ಪದರಗಳ ಮೇಲೆ ಬೇರೆ ಪದರಗಳು ಅಡ್ಡ ಮಲಗಿರುವುದನ್ನು 1788ರಲ್ಲಿ ಅಲ್ಲಿ ಕಂಡ ಜೇಮ್ಸ್ ಹಟನ್, ಭೂಮಿಯ ವಯಸ್ಸು ಊಹೆಗೆ ಮೀರಿದ್ದು ಎಂದು ಸಾರಿದ. ಅದೇ ಬಗೆಯ ಸಾಕ್ಷ್ಯ ನಮ್ಮ ಕಲಾದಗಿ–ಬಾದಾಮಿ ಸೀಮೆಯಲ್ಲೂ ಇದೆ. ಕೆಳಗೆ ಮಡಚಿ ವಾಲಿದ ಹಳೆಯ ಪದರಗಳು, ಮೇಲೆ ಸಪಾಟಾಗಿ ಕೂತ ಬಾದಾಮಿಯ ಮರಳುಗಲ್ಲು. ನಡುವೆ ಕಲ್ಲಿನಲ್ಲಿ ದಾಖಲಾಗದೇ ಹೋದ ಕೋಟಿ ಕೋಟಿ ವರ್ಷಗಳು!

ಇನ್ನೊಂದು ಅಚ್ಚರಿ ಉಳಿದಿದೆ. ಬಾದಾಮಿಯಿಂದ ಕುರುಚಲು ಕಾಡಿನ ಕಾಲುದಾರಿ ಹಿಡಿದರೆ ಸಿಡಿಲಪಡಿ. ಸಿಡಿಲು ಬಡಿದು ತೂತುಬಿದ್ದ ಬಂಡೆ ಎಂದು ಜನ ಹೇಳುವ ಈ ಕಲ್ಲಿನ ಕಮಾನಿನಡಿ ಇತಿಹಾಸಪೂರ್ವದ ಮಂದಿ ಪ್ರಾಣಿಗಳ ಚಿತ್ರ ಬರೆದಿದ್ದಾರೆ. ಅವರ ಕೆಂಪು ಬಣ್ಣದ ಮೂಲವೂ ಕಬ್ಬಿಣದ ಅದಿರಿನ ತುಕ್ಕೇ. ಬೆಟ್ಟಕ್ಕೆ ಬಣ್ಣ ಕೊಟ್ಟ ಪದಾರ್ಥದಿಂದಲೇ ಬೆಟ್ಟದ ಮೈಮೇಲೆ ಚಿತ್ರ!

ಬಾದಾಮಿಗೆ ಬಂದವರು ನಾಲ್ಕು ಗುಹೆ ಸುತ್ತಿ, ಫೋಟೊ ಹೊಡೆದು, ಮಧ್ಯಾಹ್ನಕ್ಕೇ ಪಟ್ಟದಕಲ್ಲಿಗೆ ಓಡುತ್ತಾರೆ. ಹಾಗೆ ಮಾಡಬೇಡಿ. ಮೊದಲು ಶಿವಯೋಗಮಂದಿರಕ್ಕೆ ಹೋಗಿ; ವಿಭೂತಿಯನ್ನು ಬೆರಳಿಗೆ ತಿಕ್ಕಿ ನೋಡಿದ ಮೇಲೆ ಗುಹೆಯ ಕಲ್ಲು ಬೇರೆಯೇ ಥರ ಕಾಣುತ್ತದೆ. ಮಾರನೆಯ ದಿನ ಬಿಸಿಲೇರುವ ಮುನ್ನ ಸಿಡಿಲಪಡಿಗೆ ಹೊರಡಿ, ದಾರಿ ಬಲ್ಲ ಊರವರೊಬ್ಬರನ್ನು ಕರೆದುಕೊಳ್ಳಿ, ನೀರು ಮರೆಯಬೇಡಿ. ಚಿತ್ರಗಳನ್ನು ಮಾತ್ರ ಮುಟ್ಟಬೇಡಿ: ಸಾವಿರಾರು ವರ್ಷದ ಬಿಸಿಲು ಮಳೆಗೆ ಜಗ್ಗದ ಬಣ್ಣ ನಮ್ಮ ಬೆವರಿನ ಕೈಗೆ ಅಳಿಸಿಹೋದೀತು.