ಬೆಣಚುಕಲ್ಲಿನಿಂದ ಬಿಸಿಲ ವಿದ್ಯುತ್ತಿನವರೆಗೆ

ಭದ್ರಾವತಿಯ ಕಾರ್ಖಾನೆ ಎಂದರೆ ನಮಗೆ ನೆನಪಾಗುವುದು ಕಬ್ಬಿಣ, ಉಕ್ಕು. ಅಲ್ಲಿ ಫೆರೋಸಿಲಿಕಾನ್ ಕೂಡ ತಯಾರಾಗುತ್ತಿತ್ತು. ಬೆಣಚುಕಲ್ಲು, ಇದ್ದಿಲು, ಕಬ್ಬಿಣದ ಚೂರುಗಳನ್ನು ವಿದ್ಯುತ್ ಕುಲುಮೆಯಲ್ಲಿ ಕಾಯಿಸಿದಾಗ ಇಂಗಾಲವು ಕಲ್ಲಿನಲ್ಲಿರುವ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ, ಬಿಡುಗಡೆಯಾದ ಸಿಲಿಕಾನ್ ಕಬ್ಬಿಣದೊಡನೆ ಬೆರೆಯುತ್ತದೆ. ಕಬ್ಬಿಣವನ್ನು ಬಿಟ್ಟು ಇದೇ ಕ್ರಿಯೆ ನಡೆಸಿದರೆ ಸುಮಾರು ಶೇ 98ರಷ್ಟು ಶುದ್ಧವಾದ ಸಿಲಿಕಾನ್ ಸಿಗುತ್ತದೆ. ಮನೆಯ ತಾರಸಿಯ ಮೇಲೆ ಕೂರಿಸುವ ಸೌರಫಲಕದ ಮೂಲದ್ರವ್ಯ ಅದೇ. ಹಾಗಿದ್ದರೂ ಆ ಫಲಕದೊಳಗಿನ ಸಿಲಿಕಾನ್ ಬಹುಪಾಲು ಚೀನಾದಿಂದ ಬಂದಿರುತ್ತದೆ.

ಕಾರಣ ತಿಳಿಯಬೇಕಾದರೆ ಫಲಕ ಹುಟ್ಟುವ ದಾರಿಯನ್ನು ನೋಡಬೇಕು. ಕುಲುಮೆಯ ಸಿಲಿಕಾನನ್ನು ಹೈಡ್ರೋಜನ್ ಕ್ಲೋರೈಡಿನೊಡನೆ ವರ್ತಿಸುವಂತೆ ಮಾಡಿ, ಬಂದ ದ್ರವವನ್ನು ಮತ್ತೆ ಮತ್ತೆ ಬಟ್ಟಿ ಇಳಿಸಿ, ಬಿಸಿ ಸರಳುಗಳ ಮೇಲೆ ಅತಿ ಶುದ್ಧ ಪಾಲಿಸಿಲಿಕಾನ್ ಆಗಿ ಕೂರಿಸುತ್ತಾರೆ. ಅದನ್ನು 1414 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಹರಳಾಗಿ ಬೆಳೆಸಿ, 0.2 ಮಿಲಿಮೀಟರಿಗಿಂತ ತೆಳುವಾದ ಬಿಲ್ಲೆಗಳಾಗಿ ಸೀಳುತ್ತಾರೆ. ಬಿಲ್ಲೆ ಕೋಶವಾಗುತ್ತದೆ, ಕೋಶಗಳನ್ನು ಜೋಡಿಸಿ ಗಾಜು ಹೊದಿಸಿದರೆ ಫಲಕ. ಭಾರತ ಈ ಕೊನೆಯ ಜೋಡಣೆಯಲ್ಲಿ ವೇಗವಾಗಿ ಬೆಳೆದಿದೆ, ಕೋಶದಲ್ಲಿ ಹಿಂದಿದೆ, ಬಿಲ್ಲೆ ಮತ್ತು ಪಾಲಿಸಿಲಿಕಾನಿನಲ್ಲಿ ಬಹಳ ಹಿಂದಿದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2022ರಲ್ಲಿ ಹೇಳಿದಂತೆ, ಈ ಎಲ್ಲ ಹಂತಗಳಲ್ಲೂ ಚೀನಾದ ಪಾಲು ಶೇ 80ಕ್ಕಿಂತ ಹೆಚ್ಚು. ಬಿಲ್ಲೆ ಹೊರಗಿನಿಂದಲೇ ಬರಬೇಕಾದಾಗ ಜೋಡಣೆಯೊಂದನ್ನೇ ಸ್ವದೇಶಿ ಉದ್ಯಮವೆಂದು ಕರೆದು ನಾವು ತೃಪ್ತರಾಗಬಾರದು.

ವಿದ್ಯೆ ನಮಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಹಯೋಗದಲ್ಲಿ 1980ರ ದಶಕದಲ್ಲೇ ತಮಿಳುನಾಡಿನ ಮೆಟ್ಟೂರಿನಲ್ಲಿ ಪಾಲಿಸಿಲಿಕಾನ್ ತಯಾರಾಗಿತ್ತು. 1989ರಲ್ಲಿ ಬೆಂಗಳೂರಿನಲ್ಲಿ ಟಾಟಾ ಬಿಪಿ ಸೋಲಾರ್ ಹುಟ್ಟಿತು. ನಮಗೆ ಸಿಗದೇ ಹೋದದ್ದು ದೊಡ್ಡ ಗಾತ್ರ, ಅಗ್ಗದ ವಿದ್ಯುತ್, ದೀರ್ಘಾವಧಿಯ ಸಾಲ. ಪಾಲಿಸಿಲಿಕಾನ್ ತಯಾರಿಕೆ ವಿಪರೀತ ವಿದ್ಯುತ್ ಬೇಡುವ ಕೆಲಸ. ಸಣ್ಣ ಘಟಕಕ್ಕೆ ಅದು ಗಿಟ್ಟುವುದಿಲ್ಲ. ಚೀನಾ ಈ ಮೂರನ್ನೂ ಸರ್ಕಾರದ ಬೆಂಬಲದಿಂದ ಒಟ್ಟಿಗೆ ಒದಗಿಸಿತು.

ನಮ್ಮ ಕೇಂದ್ರ ಸರ್ಕಾರವೂ ಈಗ ಅದೇ ದಿಕ್ಕಿಗೆ ಹೊರಟಿದೆ. 2022ರ ಏಪ್ರಿಲ್‌ನಲ್ಲಿ ಆಮದು ಫಲಕಕ್ಕೆ ಶೇ 40, ಕೋಶಕ್ಕೆ ಶೇ 25 ಸುಂಕ ಬಿತ್ತು. ಉತ್ಪಾದನೆಗೆ ತಕ್ಕ ಪ್ರೋತ್ಸಾಹಧನಕ್ಕೆ ಎರಡು ಕಂತಿನಲ್ಲಿ 24,000 ಕೋಟಿ ರೂಪಾಯಿ ಗೊತ್ತುಮಾಡಲಾಯಿತು. ಅಗ್ಗದ ಫಲಕ ಸಿಗುವಾಗ ರೈತನ ಪಂಪ್‌ಸೆಟ್‌ಗೆ ದುಬಾರಿ ಫಲಕ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಸುಂಕದ ಹೊರೆ ಕೊನೆಗೆ ಬೀಳುವುದು ಬಳಕೆದಾರನ ಮೇಲೆ. ಆದರೆ ಒಂದೇ ದೇಶವನ್ನು ನೆಚ್ಚಿಕೊಂಡರೆ ಬೆಲೆಯೂ ಪೂರೈಕೆಯೂ ಅದರ ಮರ್ಜಿಗೆ ಸಿಕ್ಕುತ್ತವೆ. ಆದ್ದರಿಂದ ಸುಂಕ ಇರಲಿ, ಅದಕ್ಕೆ ಕೊನೆಯ ದಿನಾಂಕವೂ ಇರಲಿ. ಪ್ರೋತ್ಸಾಹಧನದ ಹೆಚ್ಚಿನ ಪಾಲು ಪಾಲಿಸಿಲಿಕಾನ್ ಮತ್ತು ಬಿಲ್ಲೆಗೆ ಹೋಗಲಿ.

ಸರ್ಕಾರ ಬೆಳೆಸಿದ ಉದ್ಯಮ ಸೊರಗುವುದಕ್ಕೆ ಭದ್ರಾವತಿಯೇ ಸಾಕ್ಷಿಯಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಅದರ ಇತಿಹಾಸವನ್ನು ಪೂರ್ತಿ ಓದಬೇಕು. 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಮೈಸೂರು ಕಬ್ಬಿಣದ ಕಾರ್ಖಾನೆಗೆ ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಮರದ ಇದ್ದಿಲಿನಿಂದಲೇ ಅದು ಕಬ್ಬಿಣ ಕರಗಿಸಿತು. ಮೊದಲ ವರ್ಷಗಳ ನಷ್ಟವನ್ನು ಮೈಸೂರು ಸಂಸ್ಥಾನ ತಾಳಿಕೊಂಡಿತು. ಜೋಗದ ವಿದ್ಯುತ್ ಬಂದ ಮೇಲೆ, 1950ರ ದಶಕದಲ್ಲಿ, ವಿದ್ಯುತ್ ಕುಲುಮೆಗಳು ಬಂದವು. ತಂತ್ರಜ್ಞಾನ ಹೊಸದಾಗುತ್ತಿದ್ದಷ್ಟು ಕಾಲ ಕಾರ್ಖಾನೆ ಬೆಳೆಯಿತು. ಹೂಡಿಕೆ ನಿಂತ ಮೇಲೆ ಸೊರಗಿತು. ಸೌರೋದ್ಯಮದಲ್ಲಿ ಈ ಅಪಾಯ ಇನ್ನೂ ಹೆಚ್ಚು. 1954ರಲ್ಲಿ ಬೆಲ್ ಪ್ರಯೋಗಾಲಯದ ಕೋಶ ಶೇ 6ರಷ್ಟು ಬಿಸಿಲನ್ನು ವಿದ್ಯುತ್ತಾಗಿಸಿತ್ತು. ಇಂದಿನ ಫಲಕಗಳು ಶೇ 20 ದಾಟಿವೆ, ಸಿಲಿಕಾನಿನ ಮೇಲೆ ಪೆರೋವ್‌ಸ್ಕೈಟ್ ಪದರ ಹಚ್ಚಿದ ಕೋಶಗಳು ಪ್ರಯೋಗಾಲಯದಲ್ಲಿ ಶೇ 30 ದಾಟಿವೆ. ಇಂದು ಕೊಂಡ ಯಂತ್ರ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಹಾಗಾಗಿ ನೆರವು ಪಡೆಯುವ ಪ್ರತಿ ಕಂಪನಿಯೂ ಅದರ ಒಂದು ಪಾಲನ್ನು ಇಲ್ಲಿನ ಸಂಶೋಧನೆಗೆ, ಯಂತ್ರ ತಯಾರಿಕೆಗೆ ವ್ಯಯಿಸಬೇಕೆಂಬ ಕರಾರು ಬೇಕು. ಕಾರ್ಖಾನೆ ಕಟ್ಟುವುದಕ್ಕೆ ಹಣ ಕೊಡುವ ಸರ್ಕಾರ, ಅದನ್ನು ಹೊಸದಾಗಿ ಇಟ್ಟುಕೊಳ್ಳುವ ಹೊಣೆಯನ್ನೂ ಅದೇ ಕರಾರುಪತ್ರದಲ್ಲಿ ಬರೆಸಿಕೊಳ್ಳಲಿ.